ಮಂಡಿಯ ಕೆಳಗಿನ ದಿಂಬು

ಇವತ್ತು ಬೆಳಿಗ್ಗೆ ನೋಡುತ್ತೇನೆ, ನನ್ನ ಹಸಿರು ರಬ್ಬರ್ ಪಟ್ಟಿ ಗೂಟದಲ್ಲಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಗೂಟ ಅದರದು. ವರ್ಷದ ಮೇಲಾಯಿತು, ಆ ಗೂಟಕ್ಕೆ ಬೇರೆ ಏನನ್ನೂ ನೇತುಹಾಕಲು ನಾನು ಬಿಟ್ಟಿಲ್ಲ. ಹುಡುಕಿಕೊಂಡು ಅಂಗಳಕ್ಕೆ ಬಂದರೆ ನಮ್ಮ ಯಜಮಾನರು ಮೊಪೆಡ್ಡಿನ ಹಿಂದೆ ಕೋಸಿನ ಮೂಟೆ ಕೂರಿಸಿ, ನನ್ನ ಪಟ್ಟಿಯಿಂದಲೇ ಬಿಗಿದು, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು.

"ಅದೇನ್ ಮಾಡ್ತಾ ಇದ್ದೀರಿ?" ಎಂದೆ.

"ಕೋಸ್ ಕಟ್ತಾ ಇವ್ನಿ."

"ನನ್ ಪಟ್ಟಿಲಿ?"

"ನಿನ್ ಕಾಲ್ ಸರಿಯೋಯ್ತಲ್ಲಮ್ಮಿ, ಇನ್ಯಾಕೆ ಅದು? ಗೂಟದಲ್ಲಿ ಸುಮ್ನೆ ನೇತಾಡ್ಕಂಡಿತ್ತು."

ಸುಮ್ಮನೆ ನೇತಾಡುತ್ತಿತ್ತಂತೆ! ಆ ಪಟ್ಟಿಯ ಇನ್ನೊಂದು ತುದಿಯಲ್ಲಿ ನಾನು ಎಷ್ಟು ತಿಂಗಳು ನೇತಾಡಿದ್ದೇನೆ ಎಂಬುದನ್ನು ಕಣ್ಣಾರೆ ಕಂಡ ಮನುಷ್ಯ ಆಡುವ ಮಾತೇ ಇದು? ಮೂಟೆ ಬಿಚ್ಚಿಸಿಬಿಟ್ಟೆ. ಬಿಚ್ಚುವ ಭರದಲ್ಲಿ ಮೂಟೆಯ ಬಾಯಿಯೂ ಬಿಚ್ಚಿಕೊಂಡು ಕೋಸು ಅಂಗಳದ ತುಂಬ ಉರುಳಿದವು. ಅವು ಉರುಳುವುದನ್ನು ಕಂಡು ಜಗುಲಿಯ ಮೇಲಿದ್ದ ನನ್ನ ಮೊಮ್ಮಗಳು ಎರಡೂ ಕೈ ತಟ್ಟಿ ಕೇಕೆ ಹಾಕಿ ನಕ್ಕಳು.

ನಕ್ಕಾಗ ಅವಳ ಎರಡು ಹಲ್ಲು ಕಾಣುತ್ತವೆ. ಹತ್ತು ತಿಂಗಳ ಕೂಸು. ಅವಳಿಗೆ ಇಟ್ಟ ಹೆಸರು ಬೇರೆ, ನಾನು ಕರೆಯುವುದು ಚಿನ್ನಿ ಎಂದು. ಮಗಳು ರತ್ನ ಚಾಮರಾಜನಗರದ ಕಡೆಯ ತನ್ನ ಗಂಡನ ಮನೆಯಿಂದ ನಾಲ್ಕು ದಿನ ಇದ್ದು ಹೋಗಲು ಕರೆದುಕೊಂಡು ಬಂದಿದ್ದಾಳೆ. ಈ ಕೂಸಿನ ವಿಷಯ ಬರೆಯಲು ಕೂತರೆ ನಾನು ನಿಲ್ಲಿಸುವವಳಲ್ಲ. ಅವಳ ಕಿವಿ ನನ್ನದೇ. ಅವಳ ಹಟವೂ ನನ್ನದೇ ಎಂದು ಯಜಮಾನರು ಹೇಳುತ್ತಾರೆ. ಹೊಗಳಿಕೆಗೆ ಹೇಳುತ್ತಿಲ್ಲ ಎಂದು ನನಗೆ ಗೊತ್ತು, ಆದರೂ ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ಇರಲಿ. ನಾನು ಹೇಳಲು ಹೊರಟಿದ್ದು ನನ್ನ ಸಿಟ್ಟಿನ ವಿಷಯ.

ನಾನು ಮೂರನೇ ಕ್ಲಾಸಿನ ತನಕ ಓದಿದವಳು. ಇಂಗ್ಲಿಷು ಬರುವುದಿಲ್ಲ. ಆದರೆ ಒಂದು ಇಂಗ್ಲಿಷು ಮಾತು ಕಿವಿಗೆ ಬಿದ್ದರೆ ಉಂಗುಟದಿಂದ ನೆತ್ತಿಯ ತನಕ ಉರಿದುಹೋಗುತ್ತದೆ. ರೆಸ್ಟ್! ನಾನು ಬಿದ್ದ ದಿನದಿಂದ ನಮ್ಮ ಬೀದಿಯಲ್ಲಿ ಆ ಮಾತು ಬಾರದವರೇ ಇಲ್ಲ. ಒಂದಕ್ಷರ ಕಲಿಯದವರೂ ನನ್ನ ಮಂಚದ ಪಕ್ಕ ನಿಂತು ರೆಸ್ಟ್ ಅಂದರು.

ಬಿದ್ದದ್ದು ಹಿತ್ತಲಿನ ಕಲ್ಲು ಮೆಟ್ಟಿಲಲ್ಲಿ, ಸಗಣಿ ಮಂಕರಿ ಹೊತ್ತು ಇಳಿಯುವಾಗ. ಮಂಕರಿಯನ್ನು ಬಿಟ್ಟು ಗೋಡೆ ಹಿಡಿದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಗೋಡೆ ಬಿಟ್ಟು ಮಂಕರಿ ಹಿಡಿದುಕೊಂಡೆ. ಒಂದು ಹಿಡಿ ಸಗಣಿ ಚೆಲ್ಲಲಿಲ್ಲ, ಮಂಡಿಯ ಕೆಳಗಿನ ಮೂಳೆ ಮುರಿಯಿತು. ನನ್ನನ್ನು ಎತ್ತಿ ಆಟೋಗೆ ಹಾಕಿದವನು ಪಕ್ಕದ ಬೀದಿಯ ಮಾದೇಶ. ಅವನು ಹಸುಗೂಸಾಗಿದ್ದಾಗ ಇದೇ ಕಾಲಿನ ಮೇಲೆ ಮಲಗಿಸಿಕೊಂಡು ನೀರೆರೆದವಳು ನಾನು. ಈಗ ಮೀಸೆ ಹೊತ್ತವನು, "ದೊಡ್ಡವ್ವ, ಅಲ್ಲಾಡ್ಬ್ಯಾಡ, ಸುಮ್ನಿರು," ಎಂದು ನನ್ನನ್ನೇ ಗದರಿಸಿದ. ಆಗ ಅವನು ಸುಮ್ಮನಿದ್ದನೇ? ನಾನು ನೀರು ಹಾಕಿದಷ್ಟು ದಿನವೂ ಊರು ಒಟ್ಟಾಗುವ ಹಾಗೆ ಕಿರುಚಿದ್ದ.

ನೀರೆರೆಯುವ ವಿಷಯ ಇಲ್ಲೇ ಹೇಳಿಬಿಡಬೇಕು. ಅದು ಗೊತ್ತಿಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಕಡೆ ಕೂಸಿಗೆ ನೀರು ಹಾಕಬೇಕಾದರೆ ಮನೆಯ ಹಿರಿಯಳು ಬಚ್ಚಲ ಕಲ್ಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಸೀರೆಯನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲು ನೀಡಿಕೊಂಡು ಕೂರುತ್ತಾಳೆ. ಕೂಸು ಆ ಕಾಲುಗಳ ಮೇಲೆ ಮಲಗುತ್ತದೆ. ತಲೆ ಪಾದದ ಕಡೆ, ಕಾಲು ನಮ್ಮ ಹೊಟ್ಟೆಯ ಕಡೆ. ಎರಡು ಕಾಲಿನ ನಡುವಿನ ಸಂದೇ ಕೂಸಿಗೆ ತೊಟ್ಟಿಲು, ಅದೇ ನೀರಿಗೆ ಕಾಲುವೆ. ನನ್ನ ಅಜ್ಜಿ ಬೀದಿಯ ಕೂಸುಗಳಿಗೆಲ್ಲ ಹೀಗೆ ನೀರು ಹಾಕುತ್ತಿದ್ದಳು. ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಯಾವುದೋ ಬಾಣಂತಿ ಮನೆಯ ಬಚ್ಚಲಲ್ಲಿ ಅವಳ ದನಿ ಕೇಳಿದರೆ ಸ್ಲೇಟು ಹಿಡಿದುಕೊಂಡು ಅಲ್ಲೇ ಒಳಗೆ ನುಗ್ಗುತ್ತಿದ್ದೆ. ಹಂಡೆಯ ಒಲೆಯ ಹೊಗೆ, ಹರಳೆಣ್ಣೆಯ ಜಿಡ್ಡು, ಸೀಗೆಯ ಘಾಟು. ಮೊದಲ ಚೊಂಬು ನೀರಿಗೆ ಕೂಸು ಹೌಹಾರಿ ಅಳುವುದು, ನಾಲ್ಕನೆಯ ಚೊಂಬಿಗೆ ಕಣ್ಣು ಅರೆಮುಚ್ಚುವುದು. ಕೊನೆಗೆ ಸಾಂಬ್ರಾಣಿ ಹೊಗೆ ತೋರಿಸಿ, ಬಟ್ಟೆ ಸುತ್ತಿ, ಮೂಟೆ ಮಾಡಿ ತಾಯಿಯ ಕೈಗೆ ಕೊಟ್ಟರೆ ಕೂಸು ಎರಡು ಹೊತ್ತು ಮಿಸುಕದೆ ಮಲಗುತ್ತಿತ್ತು. ನಾನು ಮೂರನೇ ಕ್ಲಾಸಿಗೇ ಓದು ನಿಲ್ಲಿಸಿದ್ದಕ್ಕೆ ಬೇರೆ ಕಾರಣವೂ ಇರಬಹುದು. ಮೇಷ್ಟ್ರು ಮಾತ್ರ ಬಚ್ಚಲೇ ಕಾರಣ ಎಂದು ನನ್ನ ಅಪ್ಪನಿಗೆ ಹೇಳಿದ್ದರು.

ಅಜ್ಜಿಯ ಕಾಲ ಮುಗಿದ ಮೇಲೆ ಆ ಕೆಲಸ ನನಗೆ ಬಂತು. ಬೀದಿಯ ಎಷ್ಟು ಕೂಸುಗಳು ನನ್ನ ಕಾಲ ಮೇಲೆ ಮಲಗಿವೆ ಎಂದು ನಾನು ಲೆಕ್ಕ ಇಟ್ಟಿಲ್ಲ. ಆದರೆ ನನ್ನ ಮಗಳ ಕೂಸು ಮಲಗಿರಲಿಲ್ಲ. ಮದುವೆಯಾಗಿ ಆರು ವರ್ಷ ಕಾದು ರತ್ನ ಬಸುರಿಯಾಗಿದ್ದಳು. ನಾಲ್ಕು ತಿಂಗಳು ತುಂಬಿತ್ತು. ಆಗ ನಾನು ಬಿದ್ದೆ.

ಚಾಮರಾಜನಗರ ನಮಗೆ ಹತ್ತಿರ. ಆದರೆ ನಮ್ಮ ಊರು ಇರುವುದು ಗಡಿಯ ತಮಿಳು ಸೀಮೆಯ ಕಡೆ; ಆಪರೇಷನ್ನಿನ ಖರ್ಚಿಗೆ ಸರ್ಕಾರ ಕೊಟ್ಟ ನಮ್ಮ ಕಾರ್ಡು ಗಡಿ ದಾಟಿದರೆ ಬರೀ ರಟ್ಟು. ಹಾಗಾಗಿ ನನ್ನನ್ನು ದಿಂಬಂ ಘಾಟಿ ದಾಟಿಸಿ, ಇಪ್ಪತ್ತೇಳು ತಿರುವು ಇಳಿಸಿ, ಬೆಟ್ಟದ ಕೆಳಗಿನ ಒಂದು ಆಸ್ಪತ್ರೆಗೆ ಸೇರಿಸಿದರು. ಊರಿನ ಹೆಸರು ಬೇಡ. ಒಂದೊಂದು ತಿರುವಿಗೂ ಮುರಿದ ಮೂಳೆ ನನ್ನ ಕೂಡ ಮಾತಾಡಿತು. ಅಲ್ಲಿ ಕಾಲು ಕೊಯ್ದು, ತಗಡು ಇಟ್ಟು, ಹೊಲಿದರು. ಆ ಡಾಕ್ಟರ ಕೈಗುಣಕ್ಕೆ ನಾನು ಎರಡು ಮಾತಾಡುವುದಿಲ್ಲ. ಮೂಳೆ ಚೆನ್ನಾಗಿಯೇ ಕೂಡಿತು.

ನನ್ನ ಸಿಟ್ಟು ಇರುವುದು ಆಮೇಲಿನದರ ಮೇಲೆ. ಮೂರನೆಯ ದಿನ ವಾರ್ಡಿಗೆ ಒಬ್ಬ ಹುಡುಗ ಡಾಕ್ಟರು ಬಂದರು. ವ್ಯಾಯಾಮ ಹೇಳಿಕೊಡುವವರಂತೆ. ಯಜಮಾನರು ಟೀ ತರಲು ಹೋಗಿದ್ದರು, ನಾನು ಮದ್ದಿನ ಮತ್ತಿನಲ್ಲಿದ್ದೆ. ಅವರು ನನ್ನ ಕಾಲು ಮುಟ್ಟಿ ಏನೋ ಹೇಳಿದರು, ನಾನು ಹೂಂ ಅಂದೆ. ಸೀರೆ ಮಾರುವವನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ, ಅಂಥ ಹೊತ್ತು ಅದು. ದಿಂಬಿನ ಪಕ್ಕ ಒಂದು ಕಾಗದ ಇಟ್ಟು ಹೋದರು. ಮನೆಗೆ ಕಳಿಸುವ ದಿನ ಯಾರೋ, "ಎಕ್ಸರ್‌ಸೈಜಿಗೆ ವಾರಕ್ಕೆ ಎರಡು ಸಲ ಹೊರರೋಗಿ ವಿಭಾಗಕ್ಕೆ ಬರಬೇಕು," ಎಂದರು. ಯಜಮಾನರು ಬಸ್ಸು ಹತ್ತಿದ ಮೇಲೆ ಹೇಳಿದರು: "ಸೂಜಿ ಇಲ್ಲ, ಮಾತ್ರೆ ಇಲ್ಲ. ಕಾಲೆತ್ತಿ ಇಳಿಸೋಕೆ ಅಷ್ಟು ದೂರ ಯಾರ್ ಬಂದಾರು? ಮನೇಲಿ ಮಂಚ ಇಲ್ವ?" ನನಗೂ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಈಗ ಅದನ್ನು ನೆನೆದರೆ ಇಬ್ಬರನ್ನೂ ಬಯ್ಯುವಂತಾಗುತ್ತದೆ.

ಈ ಕಾಗದ ಇತ್ತಲ್ಲ, ಅದರ ಮಾತು ಹೇಳುತ್ತೇನೆ ಕೇಳಿ. ನಾವು ಬೆಟ್ಟದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಎರಡರಲ್ಲಿ ಯಾವುದರಲ್ಲಿ ಬರೆದಿದ್ದರೂ ಕೂಡಿಸಿ ಕೂಡಿಸಿ ಓದುವವರು ಮನೆಯಲ್ಲಿದ್ದರು. ಅದು ಎರಡೂ ಅಲ್ಲ, ಇಂಗ್ಲಿಷಿನಲ್ಲಿತ್ತು. ಮಾತು ಗೊತ್ತಾಗದ್ದರಿಂದ ಬೊಂಬೆ ನೋಡಿದೆವು. ಚಡ್ಡಿ ಹಾಕಿಕೊಂಡ ಒಬ್ಬ ಬೋಳು ಗಂಡಸು, ಕಣ್ಣು ಮೂಗು ಬಾಯಿ ಏನೂ ಇಲ್ಲ, ನೀಟಾಗಿ ಮಲಗಿದ್ದಾನೆ. ಅವನ ಮಂಡಿಯ ಕೆಳಗೆ ಒಂದು ಸುರುಳಿ. ಯಜಮಾನರು ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿ ತೀರ್ಮಾನ ಕೊಟ್ಟರು:

"ಮಂಡಿ ಕೆಳೀಕೆ ದಿಂಬು ಮಡಗ್ಬೇಕು ಕಣಮ್ಮಿ. ಬೊಂಬೆ ಮಾಡಿ ತೋರ್ಸವ್ರೆ ನೋಡು."

ಅಂದಿನಿಂದ ನನ್ನ ಮಂಡಿಯ ಕೆಳಗೆ ಬೂರುಗದ ಹತ್ತಿಯ ದಿಂಬು ಬಂತು. ಎಂಥ ಹಾಯಾಗಿತ್ತು ಎನ್ನುತ್ತೀರಿ! ಮಂಡಿ ಸ್ವಲ್ಪ ಮಡಚಿದ್ದರೆ ನೋವೇ ಇಲ್ಲ. ನೋಡಲು ಬಂದವರೆಲ್ಲ ಹಣ್ಣು ಕೊಟ್ಟು, ರೆಸ್ಟ್ ಎಂದು ಹೇಳಿ, ದಿಂಬನ್ನು ಒಂದಿಷ್ಟು ಮೇಲಕ್ಕೆ ತಳ್ಳಿ ಹೋಗುತ್ತಿದ್ದರು. ಎದುರು ಮನೆಯ ಪುಟ್ಟಮ್ಮ ನನ್ನ ಓರಗೆಯವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳು ತನ್ನ ಮನೆಯ ದಿಂಬನ್ನೂ ತಂದು, "ಒಂದ್ರಲ್ಲಿ ಏನಾದ್ದು ಅಕ್ಕ? ಇದ್ನೂ ಮಡಗು," ಎಂದು ಎರಡನೆಯದನ್ನು ಇಟ್ಟಳು. ರತ್ನ ಫೋನಿನಲ್ಲಿ ದಿನಾ ಕೇಳುತ್ತಿದ್ದಳು, "ದಿಂಬು ಮಡಗಿದ್ದಾರಾ ಅವ್ವ?" ಆರು ವಾರ ನಾನು ಆ ದಿಂಬುಗಳ ಮೇಲೆ ರಾಣಿಯ ಹಾಗೆ ಕಾಲಿಟ್ಟುಕೊಂಡಿದ್ದೆ. ಇಷ್ಟು ಜನ ಇಷ್ಟು ಪ್ರೀತಿಯಿಂದ ಸೇರಿ ಒಬ್ಬಳ ಕಾಲನ್ನು ಹಾಳು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆರು ವಾರಕ್ಕೆ ತೋರಿಸಲು ಹೋದರೆ ಡಾಕ್ಟರು ಫೋಟೋ ನೋಡಿ, ಮೂಳೆ ಕೂಡಿದೆ ಎಂದರು. ಎದ್ದು ನಡೆಯಿರಿ ಎಂದರು. ಎದ್ದೆ. ಕಾಲು ಕುಡುಗೋಲಿನ ಹಾಗೆ ಬಾಗಿಯೇ ನಿಂತಿತು. ಒತ್ತಿದರೂ ನೇರವಾಗಲಿಲ್ಲ. ಆ ಕ್ಷಣ ನನ್ನ ಕಣ್ಣಿಗೆ ಆಸ್ಪತ್ರೆ ಕಾಣಲಿಲ್ಲ, ನಡಿಗೆ ಕಾಣಲಿಲ್ಲ. ಬಚ್ಚಲ ಕಲ್ಲು ಕಂಡಿತು. ಒಂದು ಕಾಲು ನೆಲಕ್ಕೆ, ಒಂದು ಕಾಲು ಮೇಲಕ್ಕೆ; ನಡುವೆ ಸೋಪು ಹಚ್ಚಿದ ಹಸುಗೂಸು. ಜಾರಿಹೋಗದೇ?

ಆಸ್ಪತ್ರೆಯ ಹಿಂದುಗಡೆ, ಮುರಿದ ಮಂಚಗಳನ್ನು ತುಂಬಿದ್ದ ಕೋಣೆಯ ಆಚೆ ಕಳಿಸಿದರು. ಕಾಲು ಆಡದವರಿಗೆ ಮಾಡಿದ ಕೋಣೆಯನ್ನು ಅಷ್ಟು ದೂರ ಕಟ್ಟಿದವರು ಯಾರೋ! ಕುಂಟಿಕೊಂಡು ತಲುಪುವ ಹೊತ್ತಿಗೆ ಅರ್ಧ ವ್ಯಾಯಾಮ ಮುಗಿದಿತ್ತು. ಒಳಗೆ ಎಲ್ಲಿಗೂ ಹೋಗದ ಒಂದು ಸೈಕಲ್ಲು, ಯಾವ ಮನೆಗೂ ಹತ್ತದ ನಾಲ್ಕು ಮೆಟ್ಟಿಲು, ಹಿಡಿದು ನಡೆಯಲು ಜೋಡಿ ಕಂಬಿ. ಆ ಕಂಬಿಗಳ ಮೇಲೆ ಯಾರೋ ವಾರ್ಡಿನ ಒದ್ದೆ ಹಾಸುಬಟ್ಟೆ ಒಣಹಾಕಿದ್ದರು. ಅವನ್ನು ಎಳೆದು ಮಡಚುತ್ತಾ ಒಬ್ಬ ಹುಡುಗಿ ತನ್ನಷ್ಟಕ್ಕೆ ಬಯ್ಯುತ್ತಿದ್ದಳು. ನನಗೆ ಅವಳು ಕೂಡಲೇ ಹಿಡಿಸಿದಳು. ಹೆಸರು ಸೆಲ್ವಿ. ಹೊರಗಿನವರು ಅವಳನ್ನು ಎಕ್ಸರ್‌ಸೈಜ್ ಹುಡುಗಿ ಎನ್ನುತ್ತಿದ್ದರು. ಕೊಯ್ಯುವವರು ಮಾತ್ರ ಡಾಕ್ಟರಂತೆ, ನಡೆಸುವವಳು ಹುಡುಗಿಯಂತೆ!

ಅವಳ ಮಾತೆಲ್ಲ ತಮಿಳು, ಅಜ್ಜಿ ಎನ್ನಲು ಪಾಟಿ ಎನ್ನುವಳು. ನನಗೇನೂ ತೊಂದರೆಯಿಲ್ಲ. ನನ್ನನ್ನು ಮಲಗಿಸಿ, ಮಂಡಿಯ ಕೆಳಗೆ ತನ್ನ ಕೈ ತೂರಿಸಿದಳು. ಮುಷ್ಟಿ ಕಟ್ಟಿದ ಕೈ ಆ ಕಡೆಯಿಂದ ಈ ಕಡೆಗೆ ಸರಾಗವಾಗಿ ಬಂತು.

"ಪಾಟಿ, ಮಂಡಿ ಕೆಳಗೆ ದಿಂಬು ಇಟ್ಟಿದ್ದೀರಾ?"

"ಒಂದಲ್ಲ, ಎರಡು," ಎಂದೆ ಹೆಮ್ಮೆಯಿಂದ. "ನಿಮ್ಮ ಕಾಗದದಲ್ಲಿ ಇದ್ದ ಹಾಗೇ."

ಅವಳು ಕಾಗದ ಕೇಳಿದಳು. ಯಜಮಾನರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ಅವಳು ಬಿಡಿಸಿ ನೋಡಿ, ಹಣೆಗೆ ಕೈ ಹಚ್ಚಿಕೊಂಡಳು. ಆ ಸುರುಳಿ ದಿಂಬಲ್ಲ, ಟವೆಲಂತೆ. ಅದನ್ನು ಮಂಡಿಯಿಂದ ಕೆಳಕ್ಕೆ ಅಮುಕಬೇಕಂತೆ, ಹತ್ತು ಎಣಿಸುವ ತನಕ ಹಿಡಿದು ಬಿಡಬೇಕಂತೆ, ಆಮೇಲೆ ಟವೆಲನ್ನು ತೆಗೆದಿಡಬೇಕಂತೆ. ಕಾಲಿಗೆ ಕೆಲಸ ಕೊಡಲು ಬರೆದ ಬೊಂಬೆಯನ್ನು ನೋಡಿ ನಾವು ಕಾಲಿಗೆ ಹಾಸಿಗೆ ಹಾಸಿದ್ದೆವು.

ನಮ್ಮ ಯಜಮಾನರು ಗೋಡೆಯ ಕಡೆ ತಿರುಗಿಕೊಂಡರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ತಪ್ಪು ಒಪ್ಪಿಕೊಳ್ಳುವ ಬಗೆ ಅದೊಂದೇ.

ನನಗೆ ಮಾತ್ರ ಸಿಟ್ಟು ಸೆಲ್ವಿಯ ಮೇಲೆ ಬಂತು. ಎದುರಿಗಿದ್ದವಳು ಅವಳು ತಾನೇ? "ನೋಡವ್ವ, ಇಷ್ಟು ದೂರ ಬಸ್ಸಿನಲ್ಲಿ ಬಂದವಳಿಗೆ ಟವೆಲು ಅಮುಕು ಎನ್ನುತ್ತೀಯಲ್ಲ, ಒಂದು ಸೂಜಿ ಹಾಕು, ಇಲ್ಲ ಎಣ್ಣೆ ಕೊಡು," ಎಂದು ಕೂಗಾಡಿದೆ.

ಅವಳೂ ಬಿಡಲಿಲ್ಲ. "ಮೂಳೆ ಕೂಡಿಸುವುದು ಅವರ ಕೆಲಸ ಪಾಟಿ, ಅದು ಮುಗಿಯಿತು. ಕಾಲು ನೀಡುವುದು ನಿಮ್ಮ ಕೆಲಸ, ಅದು ಇನ್ನೂ ಶುರುವೇ ಆಗಿಲ್ಲ." ಆಮೇಲೆ ದನಿ ಇಳಿಸಿ ಕೇಳಿದಳು: "ಈ ಕಾಲು ಸರಿಹೋದರೆ ಏನು ಮಾಡಬೇಕು ಅಂತ ನಿಮಗೆ ಆಸೆ?"

ಅದುವರೆಗೆ ಯಾರೂ ಆ ಮಾತು ಕೇಳಿರಲಿಲ್ಲ. ಎಲ್ಲರೂ ಹೇಳಿದ್ದರು, ಯಾರೂ ಕೇಳಿರಲಿಲ್ಲ. "ಇದರ ಮೇಲೆ ಒಂದು ಕೂಸು ಮಲಗಿಸಬೇಕು," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಹೇಳಿದೆ. ಆಗ ಅವಳು ನೆಲದ ಮೇಲೆ ಗೋಡೆಗೊರಗಿ ಕೂತು, ತನ್ನ ಕಾಲು ನೀಡಿ, ಒಂದು ಟವೆಲನ್ನು ಕೂಸಿನ ಹಾಗೆ ಸುತ್ತಿ, "ಹೀಗಾ? ತಲೆ ಯಾವ ಕಡೆ? ನೀರು ಎಲ್ಲಿಂದ ಹೋಗುತ್ತದೆ?" ಎಂದು ಒಂದೊಂದೇ ಕೇಳಿದಳು. ನಾನು ಮೇಲೆ ಮಂಚದಲ್ಲಿ ಕೂತು ಕಲಿಸಿದೆ. ಸೈಕಲ್ಲು ತುಳಿಯುತ್ತಿದ್ದವರೂ ನಿಲ್ಲಿಸಿ ನೋಡಿದರು. ಕೊನೆಗೆ ಅವಳು ಎದ್ದು ಹೇಳಿದಳು: "ಸರಿ. ನನ್ನ ಕೈ ನಿಮ್ಮ ಮಂಡಿಯ ಕೆಳಗೆ ತೂರಬಾರದು. ಎಂದು ತೂರುವುದಿಲ್ಲವೋ ಅಂದು ಕೂಸು ಮಲಗಿಸಿ."

ಅಂದಿನಿಂದ ಮೂರು ತಿಂಗಳು ವಾರಕ್ಕೆ ಎರಡು ದಿನ ಬೆಟ್ಟ ಇಳಿದು ಹತ್ತಿದೆ. ಈಗೀಗ ವ್ಯಾಯಾಮ ಹೇಳಿಕೊಡುವವರು ಮನೆ ಬಾಗಿಲಿಗೇ ಬರುತ್ತಾರಂತೆ. ನಮ್ಮ ಬೀದಿಗೂ ಒಂದು ಸಲ ಬಂದಿದ್ದರಂತೆ, ನಾನು ಬಸ್ಸಿನಲ್ಲಿದ್ದ ದಿನ! ಆ ಬಸ್ಸಿನ ಮೆಟ್ಟಿಲನ್ನು ನೋಡಿದ್ದೀರಾ? ಗಟ್ಟಿಮುಟ್ಟಾದ ಹುಡುಗರಿಗೆ ಅಳತೆ ತೆಗೆದು ಮಾಡಿದ್ದು. ಆಸ್ಪತ್ರೆಗೆ ಹೋಗುವ ಮುದುಕಿಯೂ ಅದೇ ಬಸ್ಸು ಹತ್ತುತ್ತಾಳೆ ಎಂದು ಯಾರಿಗೂ ಹೊಳೆದಿಲ್ಲ. ಸೆಲ್ವಿಗೆ ದೂರು ಹೇಳಿದರೆ, "ಒಳ್ಳೆಯದಾಯಿತು, ದಿಂಬಂನಲ್ಲಿ ಬಸ್ಸು ನಿಂತಾಗ ಆ ಮೆಟ್ಟಿಲಲ್ಲೇ ಹತ್ತು ಸಲ ಹತ್ತಿ ಇಳಿಯಿರಿ," ಎಂದಳು. ಎಲ್ಲರೂ ಟೀ ಕುಡಿಯುವಾಗ ನಾನು ಕಂಬಿ ಹಿಡಿದು ಹತ್ತುವುದು, ಇಳಿಯುವುದು. ಕಂಡಕ್ಟರಿಗೆ ತಲೆ ಕೆಟ್ಟಿತು. "ಪಾಟಿ, ಹತ್ತುತ್ತೀರಾ ಇಳಿಯುತ್ತೀರಾ? ಯಾವುದಾದರೂ ಒಂದು ತೀರ್ಮಾನಕ್ಕೆ ಬನ್ನಿ!" ಎಂದು ತಮಿಳಿನಲ್ಲಿ ರೇಗಿದ. ಆರು ಆಗಿದೆ, ಇನ್ನು ನಾಲ್ಕು ಉಳಿದಿದೆ ಎಂದೆ.

ಸೆಲ್ವಿಯ ಕೈ ಮೊದಲು ಮುಷ್ಟಿಯಾಗಿ ತೂರುತ್ತಿತ್ತು. ಆಮೇಲೆ ಬಿಚ್ಚಿದ ಅಂಗೈ. ಆಮೇಲೆ ನಾಲ್ಕು ಬೆರಳು. ಅಲ್ಲಿ ನಿಂತುಬಿಟ್ಟಿತು. ಎರಡು ವಾರ ಅಮುಕಿದರೂ ನಾಲ್ಕು ಬೆರಳು ನಾಲ್ಕೇ. ಆಗ ಅವಳು ಹಸಿರು ಪಟ್ಟಿ ಕೊಟ್ಟು, ಪಾದಕ್ಕೆ ಸಿಕ್ಕಿಸಿ ಎಳೆಯುವುದನ್ನು ಹೇಳಿಕೊಟ್ಟಳು. "ಕಾಲು ನೀಡಿ ಕೂತು, ಮೇಲೆ ಕೂಸಿನಷ್ಟು ಭಾರ ಇಡಿ. ಮನೆಯಲ್ಲಿ ಏನಿದೆ?" ಎಂದು ಕೇಳಿದಳು.

ಮನೆಯಲ್ಲಿ ಸಿಹಿಗುಂಬಳ ಇತ್ತು.

ಹದವಾದ ಕಾಯಿ, ಹಸುಗೂಸಿನದೇ ತೂಕ. ಬಚ್ಚಲ ಕಲ್ಲಿನ ಮೇಲೆ ಕೂರಲು ಇನ್ನೂ ಆಗುತ್ತಿರಲಿಲ್ಲ, ಹಿತ್ತಲ ಜಗುಲಿಯ ಮೇಲೆ ಕಾಲು ನೀಡಿ ಕೂತು ಅದನ್ನು ಕಾಲ ಮೇಲಿಟ್ಟುಕೊಂಡೆ. ಸುಮ್ಮನೆ ಹತ್ತು ಎಣಿಸಲು ಬೇಜಾರು. ಪಕ್ಕದಲ್ಲಿ ಚೊಂಬು ಇತ್ತು. ಅಭ್ಯಾಸ ಬಲ ನೋಡಿ, ನೀರು ಹಾಕಲು ಶುರುಮಾಡಿದೆ. ಬೆನ್ನು ತಿಕ್ಕಿದೆ. ಮಗ್ಗುಲು ತಿರುಗಿಸಿದೆ. ಹೊರಳಿಸುವಾಗ ಜಾರದ ಹಾಗೆ ಮಂಡಿ ತಾನಾಗಿ ಕೆಳಕ್ಕೆ ಅಮುಕಿಕೊಳ್ಳುತ್ತಿತ್ತು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಕುಂಬಳಕ್ಕೆ ನೀರು ಹಾಕಿ ಅಳುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಪುಟ್ಟಮ್ಮ ಬೇಲಿಯ ಮೇಲೆ ಬಗ್ಗಿ ನೋಡಿದಳು.

"ಏನಕ್ಕ, ಕುಂಬ್ಳಕಾಯ್ಗೆ ನೀರುಯ್ತಾ ಇದ್ದೀಯ?"

"ಊಂ."

"ಅಯ್ಯೋ, ಕಾಲಿಂದು ತಲೆಗೇರ್ತಾ? ಎಸರೇನ್ ಮಡಗಿದ್ದೀಯ ಕೂಸ್ಗೆ?"

"ನಿನ್ನೆಸರೇ ಮಡಗಿವ್ನಿ ಕಣೆ ಪುಟ್ಟಿ. ಇದಾದ್ರೆ ಬಾಯ್ ಮುಚ್ಕಂಡು ಮನಗ್ತದೆ."

ಅವಳು ಬೀದಿಗೆಲ್ಲ ಸಾರಿದಳು. ದಿನಾ ಸಂಜೆ ನಾಲ್ಕು ಜನ ಬೇಲಿಯ ಹತ್ತಿರ ನಿಂತು ನಗುವವರು. "ಈ ವಯಸ್ಸಲ್ಲಿ ಆಡೋ ಆಟವಾ ಇದು? ತೆಪ್ಪಗೆ ರೆಸ್ಟ್ ತಕ್ಕಬಾರ್ದಾ?" ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಆ ಸಿಟ್ಟಿನಲ್ಲೇ ಇನ್ನೂ ಹತ್ತು ಎಣಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಅವರು ನಗದಿದ್ದರೆ ನನ್ನ ಕಾಲು ನಾಲ್ಕು ಬೆರಳಿಗೇ ನಿಲ್ಲುತ್ತಿತ್ತೋ ಏನೋ. ಅದನ್ನು ಪುಟ್ಟಮ್ಮನ ಮುಂದೆ ಮಾತ್ರ ಎಂದೂ ಹೇಳುವುದಿಲ್ಲ.

ಚಿನ್ನಿ ಹುಟ್ಟಿದಳು. ಆ ದಿನ ನಾನು ಏನು ಮಾಡಿದೆ, ಯಾರನ್ನು ತಬ್ಬಿಕೊಂಡೆ, ಎಷ್ಟು ಜನಕ್ಕೆ ಸಕ್ಕರೆ ಕೊಟ್ಟೆ, ಒಂದೂ ನೆಟ್ಟಗೆ ನೆನಪಿಲ್ಲ. ಕಂಡಕ್ಟರಿಗೂ ಕೊಟ್ಟೆನಂತೆ. ಹೊಕ್ಕುಳ ಬಳ್ಳಿ ಬಿದ್ದ ಮೇಲೆ, ಮಾರನೆಯ ದಿನ ನೀರು ಹಾಕುವುದೆಂದು ಗೊತ್ತಾಯಿತು. ಆ ಸಂಜೆ ಅಳಿಯಂದಿರು ಒಂದು ನೀಲಿ ಪ್ಲಾಸ್ಟಿಕ್ ತೊಟ್ಟಿ ತಂದಿಟ್ಟರು. ಕೂಸಿನ ಆಕಾರಕ್ಕೆ ತಗ್ಗು ಮಾಡಿದ್ದು, ತುದಿಯಲ್ಲಿ ಬಾತುಕೋಳಿಯ ಬೊಂಬೆ. ನಾನು ರತ್ನಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

"ಅವ್ವ, ನಿನ್ ಕಾಲು... ಮೊಗ ಜಾರ್ಬುಟ್ರೆ?"

ಪುಟ್ಟಮ್ಮ ನಕ್ಕಿದ್ದೆಲ್ಲ ಒಂದು ಕಡೆ, ಇದೊಂದು ಮಾತು ಒಂದು ಕಡೆ. ನನ್ನ ಕಾಲಿನ ಮೇಲೆ ಬೆಳೆದ ಮಗಳು. ಆದರೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಕೂಸು ಅವಳದು, ಹೆದರಿಕೆಯೂ ಅವಳದು. ಬಚ್ಚಲಿಗೆ ಕರೆದುಕೊಂಡು ಹೋದೆ. ಯಜಮಾನರ ಭುಜ ಹಿಡಿದು ನಿಧಾನವಾಗಿ ಕಲ್ಲಿನ ಮೇಲೆ ಕೂತೆ. ಕಾಲು ನೀಡಿದೆ.

"ಬಾ. ನನ್ ಮಂಡಿ ಕೆಳೀಕೆ ಕೈ ತೂರ್ಸು. ತೂರುದ್ರೆ ನಾಳೆ ಆ ತೊಟ್ಟೀಲೇ ಹಾಕ್ಕ. ನಾ ಒಂದ್ ಮಾತೂ ಆಡಾಕಿಲ್ಲ."

ಅವಳು ಬಾಣಂತಿ, ಬಗ್ಗಿ ಕೂರಲು ಕಷ್ಟ. ಆದರೂ ಕೂತಳು. ಅಂಗೈ ಚಾಚಿ ತೂರಿಸಲು ನೋಡಿದಳು. ಬೆರಳ ತುದಿ ಕಲ್ಲಿಗೂ ನನ್ನ ಚರ್ಮಕ್ಕೂ ನಡುವೆ ತಡಕಾಡಿತು. ಒಂದು ಬೆರಳು ಹಾಕಿ ನೋಡಿದಳು. ಕಿರುಬೆರಳು ಹಾಕಿ ನೋಡಿದಳು. ಆಮೇಲೆ ಕೈ ತೆಗೆದು ನನ್ನ ಮಂಡಿಯ ಗಾಯದ ಗೆರೆಯ ಮೇಲೆ ಇಟ್ಟಳು.

"ಬೆಳಿಗ್ಗೆ ಎಷ್ಟೊತ್ಗೆ ಅಂಡೆ ಕಾಯಿಸ್ಬೇಕವ್ವ?" ಎಂದಳು.

ಮಾರನೆಯ ದಿನ ಮೊದಲ ಚೊಂಬಿಗೆ ಚಿನ್ನಿ ಹೌಹಾರಿ ಅತ್ತಳು. ನಾಲ್ಕನೆಯದಕ್ಕೆ ಕಣ್ಣು ಅರೆಮುಚ್ಚಿದಳು. ಬೆಚ್ಚಗೆ ನನ್ನ ಗಾಯದ ಮೇಲೇ ಉಚ್ಚೆ ಹೊಯ್ದಳು. ಯಾವ ಎಣ್ಣೆ, ಯಾವ ಮುಲಾಮು ಅಷ್ಟು ಹಿತ ಮಾಡೀತು ಹೇಳಿ! ಪುಟ್ಟಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನೀಲಿ ತೊಟ್ಟಿಯಲ್ಲಿ ಈಗ ಯಜಮಾನರು ಬೆಳ್ಳುಳ್ಳಿ ಬೀಜ ಇಟ್ಟಿದ್ದಾರೆ.

ಕಥೆ ಅಲ್ಲಿಗೆ ಮುಗಿಸಿದರೆ ಚೆಂದ. ಆದರೆ ನೀರು ಹಾಕಿ, ಕೂಸನ್ನು ತಾಯಿಯ ಕೈಗೆ ಕೊಟ್ಟ ಮೇಲೆ ಒಂದು ವಿಷಯ ಗೊತ್ತಾಯಿತು. ನನಗೆ ಏಳಲು ಬರುತ್ತಿಲ್ಲ. ನೀಡುವುದನ್ನು ಕಲಿತಿದ್ದೆ, ನೆಲದಿಂದ ಏಳುವುದನ್ನು ಕಲಿತಿರಲಿಲ್ಲ. ಸೆಲ್ವಿ ಹೇಳಿದ್ದಳು, ನೋವೆಂದು ನಾನೇ ತಪ್ಪಿಸಿದ್ದೆ. ಒದ್ದೆ ಸೀರೆಯಲ್ಲಿ ಬಚ್ಚಲ ಕಲ್ಲಿಗೆ ಅಂಟಿಕೊಂಡು ಕೂತವಳನ್ನು ಮೂವರು ಸೇರಿ ಎತ್ತಬೇಕಾಯಿತು. ಎತ್ತಿದವರೆಲ್ಲ ಏನೆಂದರು? ಅದೇ ಇಂಗ್ಲಿಷು ಮಾತು.

ಅದಕ್ಕೇ ಆ ಪಟ್ಟಿ ಇನ್ನೂ ಗೂಟದಲ್ಲಿರುವುದು. ಮಂಚದ ಕಾಲಿಗೆ ಕಟ್ಟಿ ದಿನಾ ಎಳೆಯುತ್ತೇನೆ. ಈಗ ಗೋಡೆ ಹಿಡಿದು ನಾನೇ ಏಳುತ್ತೇನೆ. ಕೂಸನ್ನು ಎತ್ತಿಕೊಂಡು ಗೋಡೆ ಹಿಡಿಯದೆ ಏಳುವುದು ಬಾಕಿ ಇದೆ. ಕೋಸು ಕಟ್ಟಲು ಊರಿನಲ್ಲಿ ಹಗ್ಗ ಇಲ್ಲವೇ?

ಸಿಟ್ಟಿನಲ್ಲೇ ಇವತ್ತು ಪಟ್ಟಿಯನ್ನು ತೊಳೆದು ಒರೆಸಿ, ಮಧ್ಯಾಹ್ನ ನಡುಮನೆಯಲ್ಲಿ ಕಾಲು ನೀಡಿ ಕೂತು, ಪಾದಕ್ಕೆ ಸಿಕ್ಕಿಸಿ ಎಳೆದೆ. ಮಂಡಿ ಅಮುಕಿ ಹತ್ತು ಎಣಿಸಲು ಶುರುಮಾಡಿದೆ. ಚಿನ್ನಿ ಅಂಬೆಗಾಲಿಟ್ಟು ಬಂದಳು. ಒಂದು ಕೈಯಲ್ಲಿ ಹಸಿರು ಪಟ್ಟಿ ಹಿಡಿದಳು, ಇನ್ನೊಂದನ್ನು ನನ್ನ ಮಂಡಿಯ ಮೇಲೆ ಊರಿದಳು. ಆಸ್ಪತ್ರೆಯ ಜೋಡಿ ಕಂಬಿ ಹಿಡಿದು ನಾನು ಎದ್ದ ಹಾಗೆಯೇ, ಹಿಂಭಾಗ ಮೊದಲು, ತಲೆ ಆಮೇಲೆ, ತೂಗಾಡುತ್ತಾ ಎದ್ದಳು. ನಾನು ಉಸಿರು ಬಿಡಲಿಲ್ಲ. ಕಾಲು ಅಲ್ಲಾಡಿಸಲಿಲ್ಲ. ಎಣಿಕೆ ಮಾತ್ರ ನಿಲ್ಲಿಸಲಿಲ್ಲ. ನಾಲ್ಕು, ಐದು. ಆರಕ್ಕೆ ಅವಳು ಎರಡೂ ಕೈ ಬಿಟ್ಟಳು. ಏಳು, ಎಂಟು.

ಒಂಬತ್ತಕ್ಕೆ ದೊಪ್ಪೆಂದು ಬಿದ್ದಳು.

ಅಡುಗೆಮನೆಯಿಂದ ರತ್ನ ಓಡಿಬಂದಳು. ಹೊರಗಿನಿಂದ ಯಜಮಾನರು ಬಂದರು. ಎದುರು ಮನೆಯಿಂದ ಪುಟ್ಟಮ್ಮ ಕೂಡ ಬಂದಳು. ಮೂವರೂ ಒಟ್ಟಿಗೆ ಕೈ ಚಾಚಿ ಕೂಗಿದರು: "ಏಳು ಕಂದ, ಏಳು, ಏಳು!"

ನೋಡಿದಿರಾ? ಒಬ್ಬರಾದರೂ ಅವಳಿಗೆ ರೆಸ್ಟ್ ತಗೋ ಅನ್ನಲಿಲ್ಲ. ಒಬ್ಬರಾದರೂ ದಿಂಬು ತರಲಿಲ್ಲ.